ಸಿಡಿಯದ ಮದ್ದುಗುಂಡು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ?

ಯುದ್ಧಕಾಲದಲ್ಲಿ ವಿಮಾನದಿಂದ ಕೆಡಹಿದ ಬಾಂಬುಗಳಾಗಲಿ ತೋಪಿನಿಂದ ಹಾರಿಸಿದ ಗುಂಡುಗಳಾಗಲಿ ಎಲ್ಲವೂ ಸಿಡಿಯುವುದಿಲ್ಲ. ಅವುಗಳಲ್ಲಿ ಒಂದಷ್ಟು, ಒಳಗಿನ ಸಿಡಿಕೀಲಿನ ದೋಷದಿಂದಲೋ ನೆಲಕ್ಕೆ ತಾಗಿದ ರೀತಿಯಿಂದಲೋ, ಸದ್ದಿಲ್ಲದೆ ಮಣ್ಣನ್ನು ಹೊಕ್ಕು ಕಣ್ಮರೆಯಾಗುತ್ತವೆ. ಯುದ್ಧ ಮುಗಿಯುತ್ತದೆ, ಒಕ್ಕಲಿಗನು ಮತ್ತೆ ನೇಗಿಲು ಹೂಡುತ್ತಾನೆ, ಬಾವಿ ತೋಡುವವನು ಗುದ್ದಲಿ ಹಿಡಿಯುತ್ತಾನೆ. ನೆಲವು ನುಂಗಿದ ಆ ವಸ್ತು ಒಂದು ಅಡಿಯ ಕೆಳಗಿದೆಯೋ ಮೂವತ್ತು ಅಡಿಯ ಕೆಳಗಿದೆಯೋ ಎಂಬುದು ಆಗ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಈ ಪ್ರಶ್ನೆಗೆ ಭೌತಶಾಸ್ತ್ರವು ಕೊಡುವ ಉತ್ತರವೇನೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇದು ದೂರದ ದೇಶಗಳ ಚಿಂತೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ೧೯೪೨ನೆಯ ಇಸವಿ ಏಪ್ರಿಲ್ ೬ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಅಂದು ಸಿಡಿಯದೆ ಉಳಿದ ಬಾಂಬೊಂದನ್ನು ಆ ನಗರದ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ನಮ್ಮ ನಾಡಿನಲ್ಲಿಯೇ, ೨೦೧೮ರ ಜುಲೈ ತಿಂಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರವೆಂಬ ಊರ ಬಳಿ ಪಾಳುಬಾವಿಯೊಂದನ್ನು ತೋಡಿದಾಗ, ಹದಿನೆಂಟನೆಯ ಶತಮಾನದ, ಟಿಪ್ಪೂ ಸುಲ್ತಾನನ ಕಾಲದ್ದೆನ್ನಲಾದ ಸಾವಿರಕ್ಕೂ ಮೇಲ್ಪಟ್ಟ ಕಬ್ಬಿಣದ ರಾಕೆಟುಗಳು ದೊರೆತವು. ಇನ್ನೂರು ವರ್ಷಗಳ ಮೇಲೆಯೂ ಅಲ್ಲಿಯ ಕೆಸರಿಗೆ ಮದ್ದಿನ ವಾಸನೆಯಿತ್ತು. ಆ ರಾಕೆಟುಗಳು ಬಾವಿಯಲ್ಲಿದ್ದುದರಿಂದ ಅವುಗಳ ಆಳವು ಬಾವಿಯ ಆಳವೇ ಆಗಿತ್ತು. ಮೇಲಿನಿಂದ ವೇಗವಾಗಿ ಬಂದು ತಾನಾಗಿ ಹೂತುಕೊಂಡ ವಸ್ತುವಿಗೆ ಇಂಥ ಗುರುತು ಯಾವುದೂ ಇರುವುದಿಲ್ಲ. ಅದರ ಆಳವನ್ನು ಲೆಕ್ಕದಿಂದಲೇ ಊಹಿಸಬೇಕು.

ಸುಲೇಪೇಟದ ಸುತ್ತಿನ ನೆಲ

ಈ ಲೆಕ್ಕವನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಸುಲೇಪೇಟದ ಸುತ್ತಿನ ನೆಲವನ್ನು ನಾವು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಆ ಊರು ರಣರಂಗವೆಂದು ಇದರ ಅರ್ಥವಲ್ಲ. ಚಿಂಚೋಳಿಗೂ ಸೇಡಮಿಗೂ ನಡುವಣ ಆ ಸೀಮೆಯಲ್ಲಿ ಒಂದು ದಿನದ ಪ್ರಯಾಣದೊಳಗೆ ನಾಲ್ಕು ಬಗೆಯ ನೆಲವನ್ನು ಕಾಣಬಹುದೆಂಬುದೇ ಕಾರಣ. ಮೊದಲನೆಯದು ತೊಗರಿ, ಜೋಳಗಳನ್ನು ಬೆಳೆಯುವ ಎರೆಭೂಮಿ. ಇದು ಅತಿ ಸಣ್ಣ ಕಣಗಳ ಜೇಡಿ. ಎರಡನೆಯದು ಎರೆಯ ಕೆಳಗೆ ಸಿಗುವ ಮುರುಮು. ಕಪ್ಪುಕಲ್ಲು ಕೊಳೆತು ಪುಡಿಯಾಗಿ, ಮತ್ತೆ ಬಿಗಿದುಕೊಂಡಿರುವ ಪದರವಿದು. ಮೂರನೆಯದು ಚಿಂಚೋಳಿಯ ಕಡೆಯ ಎತ್ತರದ ನೆಲದಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆ. ನಾಲ್ಕನೆಯದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಸುಣ್ಣಕಲ್ಲು. ಹಾಸಿನ ಮೇಲೆ ಹಾಸು ಜೋಡಿಸಿದಂತೆ ಮಲಗಿರುವ ಈ ಕಲ್ಲು ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲೆಂದು ನಾಡಿಗೆಲ್ಲ ಪರಿಚಿತ. ಸಿಮೆಂಟು ಕಾರ್ಖಾನೆಗಳನ್ನು ಈ ಸೀಮೆಗೆ ಕರೆತಂದುದೂ ಇದೇ.

ಒಂದೇ ತೂಕದ, ಒಂದೇ ಆಕಾರದ, ಒಂದೇ ವೇಗದ ನಾಲ್ಕು ಬಾಂಬುಗಳು ಈ ನಾಲ್ಕು ನೆಲಗಳ ಮೇಲೆ ಬಿದ್ದುವೆಂದು ಭಾವಿಸೋಣ. ನಾಲ್ಕೂ ನಾಲ್ಕು ಬೇರೆ ಆಳಗಳಲ್ಲಿ ನಿಲ್ಲುತ್ತವೆ. ಏಕೆ?

ಒಂದು ಸುಲಭ ಪ್ರಯೋಗ

ನಾಲ್ಕು ಕಿಲೋಗ್ರಾಂ ತೂಕದ ಕಬ್ಬಿಣದ ಗುಂಡೊಂದನ್ನು ಎರಡು ಮೀಟರು ಎತ್ತರದಿಂದ ನೆಲದ ಮೇಲೆ ಬಿಡಿ. ಅದು ಬೀಳುವಾಗ ಭೂಮಿಯ ಆಕರ್ಷಣೆಯಿಂದ ಚಲನಶಕ್ತಿಯನ್ನು ಗಳಿಸುತ್ತದೆ. ನೆಲವನ್ನು ಹೊಕ್ಕು ನಿಲ್ಲುವಷ್ಟರಲ್ಲಿ ಆ ಶಕ್ತಿಯೆಲ್ಲ ಮಣ್ಣನ್ನು ಒತ್ತರಿಸುವುದರಲ್ಲಿ ವ್ಯಯವಾಗುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸವಾಗುವುದೆಂಬ ಪಾಠವನ್ನು ನೆನೆದರೆ, ಮಣ್ಣು ಒಡ್ಡಿದ ಸರಾಸರಿ ಪ್ರತಿರೋಧವನ್ನು ಆಳವೇ ಹೇಳಿಬಿಡುತ್ತದೆ.

ಬಿಗಿಯಾದ ಮುರುಮಿನ ಮೇಲೆ ಗುಂಡು ಎರಡು ಸೆಂಟಿಮೀಟರು ಮಾತ್ರ ಇಳಿಯಿತೆನ್ನಿ. ಗುಂಡು ಒಟ್ಟು ಇಳಿದುದು ೨೦೨ ಸೆಂಟಿಮೀಟರು. ಮಣ್ಣು ಅದನ್ನು ತಡೆದುದು ೨ ಸೆಂಟಿಮೀಟರಿನಲ್ಲಿ. ಆದುದರಿಂದ ಪ್ರತಿರೋಧವು ಗುಂಡಿನ ತೂಕದ ೧೦೧ ಪಟ್ಟು, ಎಂದರೆ ಸುಮಾರು ೪೦೦ ಕಿಲೋಗ್ರಾಂ ತೂಕದಷ್ಟು. ನೆನೆದ ಎರೆಯಲ್ಲಿ ಅದೇ ಗುಂಡು ಹತ್ತು ಸೆಂಟಿಮೀಟರು ಇಳಿದರೆ ಪ್ರತಿರೋಧವು ತೂಕದ ೨೧ ಪಟ್ಟು, ಎಂದರೆ ೮೪ ಕಿಲೋಗ್ರಾಂ ಮಾತ್ರ. ವಾಚಕರು ಈ ಪ್ರಯೋಗವನ್ನು ತಮ್ಮ ಹೊಲದಲ್ಲಿ ಒಮ್ಮೆ ಬೇಸಗೆಯಲ್ಲಿಯೂ ಒಮ್ಮೆ ಮಳೆಗಾಲದಲ್ಲಿಯೂ ಮಾಡಿ ನೋಡಬಹುದು. ಒಂದೇ ಹೊಲವು ಎರಡು ಕಾಲದಲ್ಲಿ ಎರಡು ನೆಲವಾಗಿ ವರ್ತಿಸುವುದನ್ನು ಆಗ ಪ್ರತ್ಯಕ್ಷವಾಗಿ ಅರಿಯುವರು.

ಪ್ರತಿರೋಧವು ಸ್ಥಿರವಾಗಿದ್ದರೆ ಆಳವು ವೇಗದ ವರ್ಗಕ್ಕೆ ಅನುಗುಣವಾಗಿರಬೇಕು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಹೀಗೆಯೇ ಎಣಿಸಿದನು. ಆದರೆ ವೇಗ ಹೆಚ್ಚಿದಂತೆ ಮಣ್ಣಿನ ಬಿಗಿತವನ್ನು ಮುರಿಯುವುದಲ್ಲದೆ ಮಣ್ಣಿನ ರಾಶಿಯನ್ನೇ ಪಕ್ಕಕ್ಕೆ ದಬ್ಬಿ ಓಡಿಸಬೇಕಾಗುತ್ತದೆ. ಇದಕ್ಕೂ ಬಲ ಬೇಕು. ಈ ಬಲವು ವೇಗದ ವರ್ಗದೊಡನೆ ಬೆಳೆಯುತ್ತದೆ. ಫ್ರಾನ್ಸಿನ ಪೊನ್ಸೆಲೆ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಬಲಗಳನ್ನೂ ಕೂಡಿಸಿ ಸೂತ್ರವನ್ನು ರಚಿಸಿದನು. ೧೮೩೦ರ ದಶಕದಲ್ಲಿ ಮೆಟ್ಸ್ ನಗರದಲ್ಲಿ ತೋಪುಗಳಿಂದ ನಡೆಸಿದ ಪರೀಕ್ಷೆಗಳು ಅದಕ್ಕೆ ಆಧಾರವಾದುವು. ವೇಗವು ಎರಡರಷ್ಟಾದರೆ ಆಳವು ನಾಲ್ಕರಷ್ಟಾಗುವುದಿಲ್ಲ, ಅದಕ್ಕಿಂತ ಕಡಮೆಯಾಗುತ್ತದೆಂದು ಈ ಸೂತ್ರದಿಂದ ತಿಳಿಯುತ್ತದೆ. ಮಣ್ಣು ತೋಪಿನ ಗುಂಡನ್ನು ತಡೆಯುವ ಶಕ್ತಿಯನ್ನು ಕೋಟೆ ಕಟ್ಟಿದವರು ಸೂತ್ರವಿಲ್ಲದೆಯೇ ಬಲ್ಲವರಾಗಿದ್ದರು. ೧೮೦೫ರಲ್ಲಿ ಲಾರ್ಡ್ ಲೇಕನ ಸೈನ್ಯವು ಭರತಪುರದ ಮಣ್ಣಿನ ಕೋಟೆಯ ಮೇಲೆ ನಾಲ್ಕು ಬಾರಿ ಏರಿಹೋಗಿ ನಾಲ್ಕು ಬಾರಿಯೂ ಹಿಮ್ಮೆಟ್ಟಿತು. ಆ ದಪ್ಪ ಮಣ್ಣಿನ ಗೋಡೆ ಗುಂಡುಗಳನ್ನು ನುಂಗುತ್ತಿತ್ತೇ ಹೊರತು ಕಲ್ಲಿನ ಗೋಡೆಯಂತೆ ಬಿರಿದು ಬೀಳುತ್ತಿರಲಿಲ್ಲ.

ಮಣ್ಣಿಗೊಂದು ಅಂಕ

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ಯಂಗ್ ಎಂಬವರು ನೂರಾರು ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ, ೧೯೬೭ರಲ್ಲಿ ಒಂದು ಅನುಭವಸಿದ್ಧ ನಿಯಮವನ್ನು ಪ್ರಕಟಿಸಿದರು. ಅದರಲ್ಲಿ ಪ್ರತಿಯೊಂದು ನೆಲಕ್ಕೂ ಒಂದು ಅಂಕವಿದೆ. ನೆಲ ಮೆದುವಾದಷ್ಟೂ ಅಂಕ ದೊಡ್ಡದು. ಅಂಟಿಕೊಂಡು ಗಟ್ಟಿಯಾದ ಒಣನೆಲಕ್ಕೆ ೨ರಿಂದ ೪. ಬಿರುಸಾದ ಒಣ ಜೇಡಿಗೆ ೪ರಿಂದ ೬. ಸಾಧಾರಣ ಮರಳಿಗೆ ೬ರಿಂದ ೯. ನೆನೆದ ಜೇಡಿಗೆ ೧೦ರಿಂದ ೨೦. ನೀರು ತುಂಬಿದ ಅತಿ ಮೆದು ಜೇಡಿಗೆ ೨೦ಕ್ಕೂ ಮೇಲೆ. ಬೇರೆಲ್ಲ ಸಮನಾಗಿದ್ದರೆ, ವಸ್ತುವು ನೆಲದೊಳಗೆ ಸಾಗುವ ದೂರವು ಈ ಅಂಕಕ್ಕೆ ನೇರವಾಗಿ ಅನುಗುಣವಾಗಿರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಬಳಸಿದಂಥ, ೨೫೦ ಕಿಲೋಗ್ರಾಂ ರಾಶಿಯ, ಸುಮಾರು ೩೭ ಸೆಂಟಿಮೀಟರು ಅಡ್ಡಳತೆಯ ಬಾಂಬೊಂದನ್ನು ತೆಗೆದುಕೊಳ್ಳೋಣ. ಗಾಳಿಯ ತಡೆ ಇಲ್ಲದಿದ್ದರೆ ೩೦೦೦ ಮೀಟರು ಎತ್ತರದಿಂದ ಬಿದ್ದ ವಸ್ತು ಸೆಕೆಂಡಿಗೆ ೨೪೨ ಮೀಟರು ವೇಗದಿಂದ ನೆಲಕ್ಕೆ ತಾಗುತ್ತದೆ. ಗಾಳಿಗಾಗಿ ಸ್ವಲ್ಪ ಕಳೆದು ೨೨೦ ಮೀಟರು ಎಂದಿಟ್ಟುಕೊಳ್ಳೋಣ. ಬಾಂಬಿನ ಮೂತಿ ಕೊಂಚ ಮೊಂಡವೆಂದೂ ಎಣಿಸೋಣ. ಯಂಗರ ನಿಯಮದಂತೆ ನಾವು ಮಾಡಿದ ಲೆಕ್ಕ ಹೀಗಿದೆ: ಅಂಕ ೫ ಆದ ಒಣ ಎರೆಯಂಥ ಬಿರುಸು ಜೇಡಿಯಲ್ಲಿ ಸುಮಾರು ೨.೭ ಮೀಟರು, ಅಂಕ ೮ ಆದ ಮರಳಿನಲ್ಲಿ ೪.೪ ಮೀಟರು, ಅಂಕ ೧೫ ಆದ ನೆನೆದ ಜೇಡಿಯಲ್ಲಿ ೮.೨ ಮೀಟರು. ಇವು ಸ್ಥೂಲ ಸಂಖ್ಯೆಗಳು. ಆದರೂ ಮಣ್ಣೊಂದು ಬದಲಾದುದರಿಂದಲೇ ಆಳವು ಮೂರು ಪಟ್ಟಾದುದನ್ನು ಗಮನಿಸಬೇಕು.

ಇದರೊಡನೆ ಬಾಂಬಿನ ತೂಕದ ಪ್ರಭಾವವನ್ನು ಹೋಲಿಸಿ ನೋಡೋಣ. ನಿಯಮದಲ್ಲಿ ಎಣಿಕೆಗೆ ಬರುವುದು ರಾಶಿಯನ್ನು ಅಡ್ಡಕೊಯ್ತದ ವಿಸ್ತಾರದಿಂದ ಭಾಗಿಸಿದ ಪ್ರಮಾಣ. ಒಂದೇ ಆಕಾರದ ಬಾಂಬು ದೊಡ್ಡದಾದಂತೆ ರಾಶಿಯೊಡನೆ ವಿಸ್ತಾರವೂ ಬೆಳೆಯುತ್ತದೆ. ಹೀಗಾಗಿ, ವೇಗ ಒಂದೇ ಆಗಿದ್ದರೆ, ಹತ್ತು ಪಟ್ಟು ಭಾರದ ಬಾಂಬು ಇಳಿಯುವುದು ಸುಮಾರು ೧.೭ ಪಟ್ಟು ಆಳಕ್ಕೆ ಮಾತ್ರ! ಐವತ್ತು ಕಿಲೋಗ್ರಾಮಿನ ಬಾಂಬಿಗೂ ಐನೂರು ಕಿಲೋಗ್ರಾಮಿನ ಬಾಂಬಿಗೂ ಇರುವ ಅಂತರಕ್ಕಿಂತ ಒಣನೆಲಕ್ಕೂ ಕೆಸರುನೆಲಕ್ಕೂ ಇರುವ ಅಂತರವೇ ಹೆಚ್ಚು. ಆದುದರಿಂದ ಬಿದ್ದುದು ಯಾವ ಬಾಂಬೆಂದು ಕೇಳುವಾಗಲೇ ಬಿದ್ದುದು ಯಾವ ನೆಲದಲ್ಲೆಂದೂ ಕೇಳಬೇಕು. ಪುಸ್ತಕದಲ್ಲಿ ಓದಿದ ಒಂದು ಆಳವನ್ನು ಎಲ್ಲ ಊರಿಗೂ ಅನ್ವಯಿಸುವುದು ಅಪಾಯಕರ.

ಮೆದುನೆಲದ ಮೋಸ

ಮೆದುನೆಲವು ಆಳಕ್ಕೆ ಎಳೆದುಕೊಳ್ಳುವುದಲ್ಲದೆ ಇನ್ನೊಂದು ಬಗೆಯಲ್ಲಿಯೂ ಅಪಾಯವನ್ನು ಹೆಚ್ಚಿಸುತ್ತದೆ. ಮೇಲೆ ಹೇಳಿದ ಬಾಂಬು ೨.೭ ಮೀಟರಿನಲ್ಲಿ ನಿಂತರೆ ಅದರ ಸರಾಸರಿ ವೇಗಕುಂಠನವು ಭೂಮಿಯ ಗುರುತ್ವವೇಗೋತ್ಕರ್ಷದ ಸುಮಾರು ೯೦೦ ಪಟ್ಟು, ೮.೨ ಮೀಟರಿನಲ್ಲಿ ನಿಂತರೆ ಸುಮಾರು ೩೦೦ ಪಟ್ಟು ಮಾತ್ರ. ಎರಡೂ ನಮ್ಮ ಅನುಭವಕ್ಕೆ ಮೀರಿದವೇ. ಆದರೆ ತಾಗಿದ ಹೊಡೆತದಿಂದ ಚಾಲನೆಗೊಳ್ಳಬೇಕಾದ ಸಿಡಿಕೀಲಿಗೆ ಕೆಸರಿನಲ್ಲಿ ದೊರೆಯುವ ಪೆಟ್ಟು ಅಷ್ಟರಮಟ್ಟಿಗೆ ಮೃದು. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಮಿನ ಕೆಸರುಹೊಲಗಳಲ್ಲಿ ಅಸಂಖ್ಯ ಗುಂಡುಗಳು ಸಿಡಿಯದೆ ಹೂತುಹೋಗಲು ಇದೂ ಒಂದು ಕಾರಣ. ಅಲ್ಲಿಯ ಒಕ್ಕಲಿಗರು ನೂರು ವರ್ಷಗಳ ಮೇಲೆಯೂ ಪ್ರತಿವರ್ಷ ಉಳುವಾಗ ಈ ಗುಂಡುಗಳನ್ನು ಹೊರತೆಗೆಯುತ್ತಿದ್ದಾರೆ. ಅದಕ್ಕೆ ಕಬ್ಬಿಣದ ಸುಗ್ಗಿ ಎಂದೇ ಹೆಸರು ಬಿದ್ದಿದೆ. ಹೀಗೆ ಯಾವ ನೆಲದಲ್ಲಿ ವಸ್ತುವು ಹೆಚ್ಚು ಆಳಕ್ಕೆ ಇಳಿಯುವುದೋ ಅದೇ ನೆಲದಲ್ಲಿ ಅದು ಸಿಡಿಯದೆ ಉಳಿಯುವ ಸಂಭವವೂ ಹೆಚ್ಚು.

ಬಾಂಬು ನೆಲದೊಳಗೆ ನೆಟ್ಟಗೆ ಇಳಿಯುತ್ತದೆಂಬುದೂ ತಪ್ಪು ಕಲ್ಪನೆ. ಓರೆಯಾಗಿ ಬಂದ ಬಾಂಬು ಮಣ್ಣಿನ ಒತ್ತಡದಿಂದ ಕ್ರಮೇಣ ತಿರುಗಿ, ಕೊಕ್ಕೆಯಂತೆ ಬಾಗಿ, ಕೆಲವೊಮ್ಮೆ ಮೂತಿ ಮೇಲಕ್ಕೆ ಮಾಡಿಕೊಂಡು ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ ಬಂದುದು ಸಾಗಿದ ದಾರಿಯ ಉದ್ದ. ನಿಜವಾದ ಆಳವು ಅದಕ್ಕಿಂತ ಕಡಮೆಯಿರುವುದುಂಟು, ಹಾಗೆಯೇ ವಸ್ತುವು ಮೇಲಿನ ರಂಧ್ರದಿಂದ ಪಕ್ಕಕ್ಕೆ ಕೆಲವು ಮೀಟರು ಸರಿದಿರುವುದೂ ಉಂಟು. ೧೯೪೦ರ ಸೆಪ್ಟೆಂಬರ್ ೧೨ರಂದು ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲಿನ ಪಕ್ಕದಲ್ಲಿ ಬಿದ್ದ ಭಾರೀ ಬಾಂಬು ಸಿಡಿಯದೆ ನೆಲವನ್ನು ಹೊಕ್ಕಿತು. ರಾಬರ್ಟ್ ಡೇವಿಸ್ ಎಂಬ ಅಧಿಕಾರಿಯ ತಂಡವು ಮೂರು ದಿನ ತೋಡಿ, ಸುಮಾರು ೨೭ ಅಡಿ ಆಳದಿಂದ ಅದನ್ನು ಎತ್ತಿ, ಊರ ಹೊರಗಿನ ಬಯಲಿಗೆ ಸಾಗಿಸಿ ಸಿಡಿಸಿತು. ಡೇವಿಸನಿಗೂ ಬಾಂಬನ್ನು ಕಂಡುಹಿಡಿದ ಜಾರ್ಜ್ ವೈಲಿ ಎಂಬ ಯೋಧನಿಗೂ ಜಾರ್ಜ್ ಕ್ರಾಸ್ ಪದಕವು ದೊರೆಯಿತು. ನಮ್ಮ ಲೆಕ್ಕದ ೮.೨ ಮೀಟರು ಎಂದರೂ ೨೭ ಅಡಿಯೇ. ಬಾಂಬುಗಳು ಬೇರೆಯಾದುದರಿಂದ ಈ ಹೊಂದಿಕೆ ಆಕಸ್ಮಿಕ. ಆದರೂ ಇಂಥ ಆಳವು ಕೇವಲ ಕಾಗದದ ಮೇಲಿನ ಸಂಖ್ಯೆಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಪದರಗಳೂ ಋತುಗಳೂ

ಇನ್ನು ನಮ್ಮ ನಾಲ್ಕು ನೆಲಗಳಿಗೆ ಹಿಂದಿರುಗೋಣ. ನೆಲವು ಆಳದವರೆಗೂ ಒಂದೇ ಬಗೆಯಾಗಿರುವುದು ಅಪರೂಪ. ದಿಣ್ಣೆಯ ಮೇಲೆ ಎರೆಯ ಪದರವು ಒಂದೆರಡು ಅಡಿಯಷ್ಟೇ ಇದ್ದು, ಕಾಗಿಣಾ, ಮುಲ್ಲಾಮಾರಿ ನದಿಗಳ ಬದಿಯ ತಗ್ಗಿನಲ್ಲಿ ಅನೇಕ ಅಡಿಗಳಷ್ಟು ದಪ್ಪವಾಗಿರಬಹುದು. ದಿಣ್ಣೆಯಲ್ಲಿ ಬಿದ್ದ ಭಾರೀ ವಸ್ತುವು ಎರೆಯನ್ನು ಸುಲಭವಾಗಿ ದಾಟಿ ಮುರುಮಿನಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಶಹಾಬಾದಿನ ಕಡೆಯಾದರೆ ತೆಳು ಮಣ್ಣಿನ ಕೆಳಗೆ ಸುಣ್ಣಕಲ್ಲಿನ ಹಾಸು ಸಿಗುತ್ತದೆ. ಅಲ್ಲಿ ವಸ್ತುವು ಒಡೆದುಹೋಗಬಹುದು, ಇಲ್ಲವೆ ಅಡ್ಡಲಾಗಿ ತಿರುಗಿ ಕಲ್ಲಿನ ಮೇಲೆಯೇ ಮಲಗಬಹುದು.

ಎರೆಯ ಸ್ವಭಾವವು ಎಲ್ಲಕ್ಕಿಂತ ವಿಚಿತ್ರ. ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಹಾರೆಗೂ ಜಗ್ಗದ ನೆಲವು ಶ್ರಾವಣದಲ್ಲಿ ಎತ್ತಿನ ಕಾಲನ್ನು ಮೊಣಕಾಲವರೆಗೆ ಎಳೆದುಕೊಳ್ಳುವುದನ್ನು ಆ ಸೀಮೆಯವರೆಲ್ಲ ಬಲ್ಲರು. ಆದರೆ ಈ ಬದಲಾವಣೆ ಮೇಲಿನ ಒಂದೆರಡು ಮೀಟರಿಗೆ ಸೀಮಿತವಾದುದು. ಆದುದರಿಂದ ಭಾರೀ ಬಾಂಬಿನ ಆಳವನ್ನು ಮುಖ್ಯವಾಗಿ ಕೆಳಗಿನ ಪದರಗಳು ನಿರ್ಧರಿಸುತ್ತವೆ. ಹಗುರವಾದ ಚಿಕ್ಕ ಗುಂಡುಗಳ ಆಳವನ್ನಾದರೋ ಬಿದ್ದ ತಿಂಗಳೇ ನಿರ್ಧರಿಸುತ್ತದೆ. ಲಾವೋಸ್ ದೇಶದ ಮೇಲೆ ೧೯೬೪ರಿಂದ ೧೯೭೩ರವರೆಗೆ ಎಸೆದ ಚೆಂಡಿನ ಗಾತ್ರದ ಕಿರುಬಾಂಬುಗಳಲ್ಲಿ ಕೋಟಿಗಟ್ಟಲೆ ಸಿಡಿಯದೆ ಉಳಿದುವು. ಅವು ಹಗುರವಾದುದರಿಂದ ಮೇಲ್ಮಣ್ಣಿನಲ್ಲಿಯೇ ನಿಂತು, ಸಲಿಕೆಗೂ ಆಟವಾಡುವ ಮಕ್ಕಳ ಕೈಗೂ ಎಟುಕುವಂತಿವೆ.

ಎರೆಮಣ್ಣು ತನ್ನಲ್ಲಿ ಹೂತುದನ್ನು ಇದ್ದಲ್ಲಿಯೇ ಇರಲು ಬಿಡುವುದೂ ಇಲ್ಲ. ಬೇಸಗೆಯ ಬಿರುಕುಗಳಲ್ಲಿ ಮೇಲಿನ ಪುಡಿಮಣ್ಣು ಉದುರಿ ಕೆಳಗೆ ಸೇರುತ್ತದೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬಿ, ಸ್ಥಳ ಸಾಲದೆ, ಮೇಲಕ್ಕೆ ಒತ್ತುತ್ತದೆ. ಹೀಗೆ ವರ್ಷವರ್ಷವೂ ಮಗುಚುತ್ತಿರುವುದರಿಂದಲೇ ಮಣ್ಣಿನ ಶಾಸ್ತ್ರಜ್ಞರು ಈ ವರ್ಗಕ್ಕೆ, ತಿರುಗುವುದು ಎಂಬರ್ಥದ ಲ್ಯಾಟಿನ್ ಪದದಿಂದ, ವರ್ಟಿಸಾಲ್ ಎಂದು ಹೆಸರಿಟ್ಟಿದ್ದಾರೆ. ಆಯ್ದು ಹಾಕಿದ ಮೇಲೆಯೂ ಹೊಲದಲ್ಲಿ ಮತ್ತೆ ಕಲ್ಲುಗಳು ಮೇಲೇಳುವುದಕ್ಕೆ ಇದೂ ಒಂದು ಕಾರಣ. ಮೇಲಿನ ಒಂದೆರಡು ಮೀಟರಿನಲ್ಲಿರುವ ಕಬ್ಬಿಣದ ಗುಂಡಿಗೂ ಇದೇ ಗತಿ. ಹತ್ತು ವರ್ಷ ನೇಗಿಲಿಗೆ ತಾಗದ್ದು ಹನ್ನೊಂದನೆಯ ವರ್ಷ ತಾಗಬಹುದು.

ಹುಡುಕುವ ಕಷ್ಟ

ಆಳ ಹೆಚ್ಚಿದಂತೆ ಹುಡುಕುವುದು ಎಷ್ಟು ಕಷ್ಟವೆಂಬುದನ್ನೂ ತಿಳಿಯಬೇಕು. ಹೂತ ಕಬ್ಬಿಣವು ಭೂಮಿಯ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ. ಕಾಂತಮಾಪಕವು ಆ ಕದಡನ್ನು ಗುರುತಿಸುತ್ತದೆ. ಆದರೆ ಈ ಪರಿಣಾಮವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಆಳ ಎರಡರಷ್ಟಾದರೆ ಸಂಕೇತ ಎಂಟರಲ್ಲೊಂದು ಪಾಲಾಗುತ್ತದೆ, ಮೂರರಷ್ಟಾದರೆ ಇಪ್ಪತ್ತೇಳರಲ್ಲೊಂದು ಪಾಲು. ಇದರ ಮೇಲೆ ನೆಲದ ಗುಣವೂ ಸೇರುತ್ತದೆ. ಸುಣ್ಣಕಲ್ಲಿನಲ್ಲಿ ಕಾಂತಗುಣ ಅತ್ಯಲ್ಪವಾದುದರಿಂದ ಶಹಾಬಾದಿನ ನೆಲದಲ್ಲಿ ಕಬ್ಬಿಣವನ್ನು ಹುಡುಕುವುದು ಸುಲಭ. ಕಪ್ಪುಕಲ್ಲಿನಲ್ಲಿಯಾದರೋ ಕಾಂತಖನಿಜಗಳಿದ್ದು ಕಲ್ಲೇ ಉಪಕರಣವನ್ನು ಮೋಸಗೊಳಿಸುತ್ತದೆ. ಕಬ್ಬಿಣದ ಅಂಶ ತುಂಬಿದ ಜಂಬಿಟ್ಟಿಗೆಯೂ ಲೋಹಶೋಧಕಗಳನ್ನು ತೊಡಕಿಗೆ ಸಿಕ್ಕಿಸುತ್ತದೆ. ರೇಡಿಯೋ ಅಲೆಗಳಿಂದ ನೆಲದೊಳಗನ್ನು ನೋಡುವ ರೇಡಾರು ಒಣಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನೆನೆದ ಜೇಡಿಯು ವಿದ್ಯುದ್ವಾಹಕವಾದುದರಿಂದ ಅಲೆಗಳನ್ನು ಸ್ವಲ್ಪ ದೂರದಲ್ಲಿಯೇ ಹೀರಿಬಿಡುತ್ತದೆ. ವಸ್ತುವನ್ನು ಅತ್ಯಂತ ಆಳಕ್ಕೆ ಒಯ್ದ ಮಣ್ಣೇ ಅದನ್ನು ಅತ್ಯಂತ ಚೆನ್ನಾಗಿ ಮರೆಮಾಡುವುದು ಹೀಗೆ.

ಸಿಡಿಯದೆ ಉಳಿದ ಮದ್ದಿನ ಪರಿಚಯ ಸೇಡಂ, ವಾಡಿ, ಶಹಾಬಾದುಗಳ ಗಣಿಕೆಲಸಗಾರರಿಗೆ ಇನ್ನೊಂದು ರೂಪದಲ್ಲಿ ಉಂಟು. ಕಲ್ಲಿನಲ್ಲಿ ಕೊರೆದ ತೂತಿಗೆ ತುಂಬಿದ ಮದ್ದು ಕೆಲವೊಮ್ಮೆ ಸಿಡಿಯದೆ ಉಳಿಯುತ್ತದೆ. ಹಳೆಯ ತೂತಿನಲ್ಲಿ ಮತ್ತೆ ಕೊರೆಯಬಾರದೆಂಬುದು ಗಣಿಯ ಮೊದಲ ಪಾಠ. ಅಲ್ಲಿ ತೂತಿನ ಸ್ಥಳವೂ ಆಳವೂ ದಿಕ್ಕೂ ಮೊದಲೇ ತಿಳಿದಿರುತ್ತವೆ; ಆದರೂ ಅಷ್ಟು ಎಚ್ಚರಿಕೆ ಬೇಕು. ಈ ಮೂರರಲ್ಲಿ ಒಂದೂ ತಿಳಿಯದ ಹೊಲದಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾಲ ಕಳೆದರೆ ಮದ್ದು ಸತ್ತುಹೋಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಬಾಂಬುಗಳಲ್ಲಿ ತುಂಬುವ ಟಿ.ಎನ್.ಟಿ. ನೀರಿನಲ್ಲಿ ಕರಗುವುದು ಅತ್ಯಲ್ಪ. ಉಕ್ಕಿನ ಕವಚದೊಳಗೆ ಅದು ದಶಕಗಳವರೆಗೆ ಕೆಡದೆ ಇರುತ್ತದೆ. ಹಳೆಯ ಗುಂಡುಗಳಲ್ಲಿದ್ದ ಪಿಕ್ರಿಕ್ ಆಮ್ಲವು ಲೋಹದೊಡನೆ ಸೇರಿ, ಮೊದಲಿಗಿಂತಲೂ ಬೇಗ ಸಿಡಿಯುವ ಲವಣಗಳಾಗುತ್ತದೆ. ತುಕ್ಕು ಹಿಡಿದ ಸಿಡಿಕೀಲು ಯಾವ ಅಲುಗಾಟಕ್ಕೆ ಜಾರುವುದೆಂದು ಹೇಳಬಲ್ಲವರಿಲ್ಲ. ೨೦೦೪ರ ಸೆಪ್ಟೆಂಬರಿನಲ್ಲಿ ಉತ್ತರಪ್ರದೇಶದ ಗಾಜಿಯಾಬಾದಿನ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ, ಹೊರದೇಶದಿಂದ ತರಿಸಿದ ಗುಜರಿ ಕಬ್ಬಿಣದೊಡನೆ ಬಂದಿದ್ದ ಹಳೆಯ ಗುಂಡು ಸಿಡಿದು ಹತ್ತು ಮಂದಿ ಕೆಲಸಗಾರರು ಸತ್ತರು.

ಆದುದರಿಂದ ಬಾವಿ ತೋಡುವಾಗ, ಕೆರೆಯ ಹೂಳೆತ್ತುವಾಗ, ಪಾಯ ತೆಗೆಯುವಾಗ ಗುರುತು ತಿಳಿಯದ ಕಬ್ಬಿಣದ ಗುಂಡಾಗಲಿ ಕೊಳವೆಯಾಗಲಿ ಕಂಡುಬಂದರೆ ಅದನ್ನು ಬಡಿಯಬಾರದು, ಎತ್ತಬಾರದು, ತೊಳೆಯಬಾರದು. ಗುಜರಿಯವನಿಗೆ ಮಾರಲಂತೂ ಕೂಡದು. ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ದೂರದಿಂದ ಗುರುತು ಹಾಕಿ, ಜನರನ್ನೂ ದನಕರುಗಳನ್ನೂ ಸರಿಸಿ, ಪೊಲೀಸರಿಗೆ ೧೧೨ ಸಂಖ್ಯೆಯ ದೂರವಾಣಿಯಿಂದ ತಿಳಿಸಬೇಕು. ತಿಳಿಸುವಾಗ ವಸ್ತುವು ಸಿಕ್ಕ ಆಳವನ್ನೂ ಮಣ್ಣಿನ ಬಗೆಯನ್ನೂ ಹೇಳುವುದು ಒಳ್ಳೆಯದು. ಎರೆಯೋ ಮುರುಮೋ, ಒಣಗಿದೆಯೋ ನೆನೆದಿದೆಯೋ ಎಂಬ ಎರಡು ಮಾತಿನಿಂದ, ಅಂಥ ಇನ್ನೊಂದು ವಸ್ತು ಅಲ್ಲಿದ್ದರೆ ಅದನ್ನು ಎಷ್ಟು ಆಳದವರೆಗೆ ಹುಡುಕಬೇಕೆಂಬುದನ್ನು ಬಲ್ಲವರು ಅಂದಾಜು ಮಾಡಿಕೊಳ್ಳಬಲ್ಲರು.